ವಿಶ್ವಸಂಸ್ಥೆಯ ಸಭೆಗಳಿಂದ ನಮ್ಮೂರ ಶಾಲೆಗೆ ನೆಟ್ ಬರುತ್ತದೆಯೇ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಇಂಟರ್‌ನೆಟ್ ಆಡಳಿತದ ಬಗ್ಗೆ ವಿಶ್ವಸಂಸ್ಥೆ ಇಪ್ಪತ್ತು ವರ್ಷಗಳಿಂದ ಸಭೆ ನಡೆಸುತ್ತಿದೆ, ಈಗ ಆ ವೇದಿಕೆಯನ್ನು ಕಾಯಂ ಮಾಡಿದೆ ಎಂದು ಓದಿದೆ. ಪ್ರತಿ ಸಭೆಯಲ್ಲೂ ‘ಡಿಜಿಟಲ್ ಕಂದಕ ಮುಚ್ಚುತ್ತೇವೆ’ ಅನ್ನುತ್ತಾರೆ. ಇದರಿಂದ ಏನಾದರೂ ಆಗಿದೆಯೇ? ಇಂಟರ್‌ನೆಟ್ಟಿನ ಕೀಲಿಕೈ ಅಮೆರಿಕದ ಹತ್ತಿರ ಇದೆ ಎನ್ನುವುದಕ್ಕೂ ಇದಕ್ಕೂ ಸಂಬಂಧ ಇದೆಯೇ? ನಮ್ಮಂಥವರ ಮಾತಿಗೆ ಅಲ್ಲಿ ಜಾಗ ಇದೆಯೇ?

ಉತ್ತರ: ನೀವು ಕೇಳಿದ ಸಭೆಗಳು ಶುರುವಾದಾಗ ಅಲ್ಲಿ ಎರಡು ಜಗಳ ಇದ್ದವು. ಇಂಟರ್‌ನೆಟ್ ಹೆಸರು-ವಿಳಾಸಗಳ ಪಟ್ಟಿ ಯಾರ ಕೈಯಲ್ಲಿರಬೇಕು ಎನ್ನುವುದು ಒಂದು. ಬಡ ದೇಶಗಳಿಗೆ ಎಳೆಯುವ ತಂತಿಯ ಖರ್ಚು ಯಾರು ಹೊರಬೇಕು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ರಾಜಕೀಯ ಇತ್ತು, ಪತ್ರಿಕೆಗಳಿಗೆ ಸುದ್ದಿ ಇತ್ತು. ಎಲ್ಲರೂ ಅದಕ್ಕೇ ಮುಗಿಬಿದ್ದರು. ಎರಡನೆಯದನ್ನು ‘ಸ್ವಯಂಪ್ರೇರಿತ ನೆರವು’ ಎಂಬ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ನಿಮ್ಮ ಶಾಲೆಗೆ ಬೇಕಿದ್ದದ್ದು ಆ ಪೆಟ್ಟಿಗೆಯಲ್ಲಿತ್ತು. ಆಮೇಲೆ ನೆಟ್ ಇದ್ದವರ, ಇಲ್ಲದವರ ನಡುವಿನ ಅಂತರ ಎಲ್ಲೆಲ್ಲಿ ಕಡಿಮೆಯಾಯಿತೋ ಅಲ್ಲಿ ಬಹುಪಾಲು ಕೆಲಸ ಆಯಾ ದೇಶದ ಲೈಸೆನ್ಸ್ ಕಚೇರಿಯಲ್ಲಿ, ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ ನಡೆಯಿತು. ಸಭೆಗಳ ಪಾಲು ಸಣ್ಣದು. ಇಲ್ಲವೇ ಇಲ್ಲ ಎಂದರೆ ಮಾತ್ರ ತಪ್ಪಾಗುತ್ತದೆ.

ಕೀಲಿಕೈ ವಿಚಾರವನ್ನು ಬೇಗ ಮುಗಿಸಿಬಿಡುತ್ತೇನೆ. ಡಾಟ್ ಕಾಮ್, ಡಾಟ್ ಇನ್, ಕನ್ನಡ ಲಿಪಿಯದೇ ಆದ ಡಾಟ್ ಭಾರತ ಇವೆಲ್ಲ ಯಾವ ಸರ್ವರ್‌ನಲ್ಲಿವೆ ಎಂದು ಹೇಳುವ ಒಂದು ಫೈಲ್ ಇದೆ. ರೂಟ್ ಝೋನ್ ಅನ್ನುತ್ತಾರೆ. ಅದನ್ನು ನೋಡಿಕೊಳ್ಳುವುದು ಐಕ್ಯಾನ್, 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ. ಅಮೆರಿಕದ ವಾಣಿಜ್ಯ ಇಲಾಖೆ ಗುತ್ತಿಗೆಯ ಮೂಲಕ ಅದರ ಮೇಲೆ ಹಿಡಿತ ಇಟ್ಟುಕೊಂಡಿತ್ತು. 2013ರಲ್ಲಿ ಅಮೆರಿಕದ ಬೇಹುಗಾರಿಕೆಯ ಬಗ್ಗೆ ಸ್ನೋಡೆನ್ ಬಹಿರಂಗಪಡಿಸಿದ ಕಡತಗಳಿಂದ ಮುಜುಗರವಾದ ಮೇಲೆ, 2014ರ ಮಾರ್ಚ್‌ನಲ್ಲಿ ಆ ಹಿಡಿತ ಬಿಡುವುದಾಗಿ ಹೇಳಿತು. 2016ರ ಅಕ್ಟೋಬರ್ 1ಕ್ಕೆ ಬಿಟ್ಟಿತು. ಆ ಫೈಲನ್ನು ಹಂಚುವ ರೂಟ್ ಸರ್ವರ್‌ಗಳಿಗೆ 13 ಹೆಸರುಗಳಿವೆ. ಅವುಗಳಲ್ಲಿ 10 ಈಗಲೂ ಅಮೆರಿಕದ ಸಂಸ್ಥೆಗಳ ಕೈಯಲ್ಲಿವೆ. ಉಳಿದ ಮೂರು ಸ್ವೀಡನ್, ನೆದರ್ಲೆಂಡ್ಸ್ ಮತ್ತು ಜಪಾನಿನ ಸಂಸ್ಥೆಗಳವು. ಹಾಗೆಂದು 13 ಯಂತ್ರಗಳಷ್ಟೇ ಇವೆ ಎಂದಲ್ಲ. ಅವುಗಳ ಪ್ರತಿಗಳು ಜಗತ್ತಿನ ಸಾವಿರಕ್ಕೂ ಹೆಚ್ಚು ಕಡೆ ಓಡುತ್ತಿವೆ, ಭಾರತದಲ್ಲೂ ಇವೆ. ಐಕ್ಯಾನ್ ಇವತ್ತಿಗೂ ಕ್ಯಾಲಿಫೋರ್ನಿಯಾದ ಕಾನೂನಿನಡಿ ಇದೆ, ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ತಂತಿಯೇ ಬಾರದ ಊರಿನಲ್ಲಿ ರೂಟ್ ಸರ್ವರ್ ಯಾರದಾದರೇನು?

ಈಗ ದುಡ್ಡಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ಗೊತ್ತಿಲ್ಲದಿದ್ದರೆ ಆಫ್ರಿಕಾದ ಪ್ರತಿನಿಧಿಗಳು ಅಷ್ಟು ಸಿಟ್ಟಾಗಿದ್ದೇಕೆ ಎಂದು ಅರ್ಥವಾಗುವುದಿಲ್ಲ.

ಹಳೆಯ ಟೆಲಿಫೋನ್ ಕಾಲದಲ್ಲಿ ಅಮೆರಿಕದಿಂದ ಯಾರಾದರೂ ಮುಂಬೈಗೋ ನೈರೋಬಿಗೋ ಫೋನ್ ಮಾಡಿದರೆ, ಆ ಕಡೆಯ ಕಂಪನಿ ಗ್ರಾಹಕನಿಂದ ವಸೂಲಿ ಮಾಡಿದ್ದರಲ್ಲಿ ಒಂದು ಪಾಲನ್ನು ಈ ಕಡೆಯ ಕಂಪನಿಗೆ ಕೊಡಬೇಕಿತ್ತು. ಶ್ರೀಮಂತ ದೇಶಗಳಿಂದ ಬರುವ ಕರೆಗಳೇ ಹೆಚ್ಚು. ಆದ್ದರಿಂದ ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಶತಕೋಟಿಗಟ್ಟಲೆ ಡಾಲರ್ ಬಡ ದೇಶಗಳ ಕಡೆಗೆ ಹರಿಯುತ್ತಿತ್ತು. ವಿದೇಶದ ಕರೆಗಳನ್ನು ನೋಡಿಕೊಳ್ಳುತ್ತಿದ್ದ ನಮ್ಮ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಗಟ್ಟಿಯಾಗಿದ್ದದ್ದರಲ್ಲಿ ಈ ಹಣದ ಪಾಲೂ ಇತ್ತು. ಅಮೆರಿಕಕ್ಕೆ ಇದು ಸಹಿಸಲಿಲ್ಲ. 1997ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ಈ ದರಕ್ಕೆ ಮಿತಿ ಹಾಕಿತು. ಅದೇ ಹೊತ್ತಿಗೆ ಇಂಟರ್‌ನೆಟ್ ಬಂತು, ಅದರ ಲೆಕ್ಕವೇ ಬೇರೆ. ಇಲ್ಲಿ ಅರ್ಧರ್ಧ ಹಂಚಿಕೆ ಇಲ್ಲ. ನೈರೋಬಿಯ ಕಂಪನಿ ಅಮೆರಿಕಕ್ಕೋ ಯುರೋಪಿಗೋ ಹೋಗುವ ಸಂಪರ್ಕದ ಪೂರ್ತಿ ಬಾಡಿಗೆ ಕೊಡಬೇಕು, ಅದರ ಮೇಲೆ ಅಲ್ಲಿನ ದೊಡ್ಡ ಕಂಪನಿಗೆ ಸಾಗಣೆ ಶುಲ್ಕ ತೆರಬೇಕು. ನ್ಯೂಯಾರ್ಕಿನವನೊಬ್ಬ ಕೆನ್ಯಾದ ಪುಟವೊಂದನ್ನು ತೆರೆದು ನೋಡಿದರೂ ಬಿಲ್ಲು ಬರುವುದು ನೈರೋಬಿಗೇ.

ಇದು ಅನ್ಯಾಯ ಎಂದು ಬಡ ದೇಶಗಳು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ, ಅಂದರೆ ಐಟಿಯುನಲ್ಲಿ, ಹಟ ಹಿಡಿದು 2000ದಲ್ಲಿ ಡಿ.50 ಎಂಬ ಶಿಫಾರಸು ಮಾಡಿಸಿಕೊಂಡವು. ಅದು ಶಿಫಾರಸು ಮಾತ್ರ. ಟ್ರಾಫಿಕ್ ಎಷ್ಟು, ಮಾರ್ಗದ ವೆಚ್ಚ ಎಷ್ಟು ಎಂದು ನೋಡಿ ಇಬ್ಬರೂ ಕೂತು ಮಾತಾಡಿಕೊಳ್ಳಿ ಎಂದಿತು. ಅಮೆರಿಕ ಒಪ್ಪಲಿಲ್ಲ. ನೋಡಬೇಕಾದ್ದೆಲ್ಲ ನಮ್ಮ ಸರ್ವರ್‌ಗಳಲ್ಲಿದೆ, ಬೇಕಾದವರು ದುಡ್ಡು ಕೊಟ್ಟು ಬರಲಿ ಎಂಬುದು ಅದರ ವಾದ. ವ್ಯಾಪಾರದ ದೃಷ್ಟಿಯಿಂದ ಅದನ್ನು ತಳ್ಳಿಹಾಕುವಂತಿರಲಿಲ್ಲ, ಹಾಗಾಗಿ ಡಿ.50 ಕಾಗದದಲ್ಲೇ ಉಳಿಯಿತು.

ಈ ಸಿಟ್ಟನ್ನೇ ಹೊತ್ತು ಎಲ್ಲರೂ ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆಗೆ ಬಂದರು. ಮೊದಲ ಹಂತ 2003ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ, ಎರಡನೆಯದು 2005ರ ನವೆಂಬರ್‌ನಲ್ಲಿ ಟ್ಯುನಿಸ್‌ನಲ್ಲಿ. ಜಿನೀವಾದ ಪೂರ್ವಸಿದ್ಧತೆಯ ಕೊಠಡಿಯೊಂದರಿಂದ ಐಕ್ಯಾನ್‌ನ ಅಧ್ಯಕ್ಷ ಪಾಲ್ ಟೂಮಿ ಅವರನ್ನೇ ಹೊರಗೆ ಕಳಿಸಿದ್ದರು, ಸರ್ಕಾರದ ಪ್ರತಿನಿಧಿ ಅಲ್ಲ ಎಂಬ ಕಾರಣಕ್ಕೆ. ಒಳಗೆ ಚರ್ಚೆ ಆಗುತ್ತಿದ್ದದ್ದು ಅವರ ಸಂಸ್ಥೆಯ ಹಣೆಬರಹವೇ! ಜಗಳ ಬಗೆಹರಿಯದೆ 40 ಜನರ ಕಾರ್ಯಗುಂಪೊಂದನ್ನು ಮಾಡಿದರು. ಅದರ ಅಧ್ಯಕ್ಷರಾಗಿದ್ದವರು ನಮ್ಮ ದೇಶದ ಅರ್ಥಶಾಸ್ತ್ರಜ್ಞ ನಿತಿನ್ ದೇಸಾಯಿ. ಸರ್ಕಾರ, ಉದ್ಯಮ, ನಾಗರಿಕ ಸಂಘಟನೆಗಳು ಮೂವರೂ ಒಂದೇ ಮೇಜಿಗೆ ಕೂರಬೇಕು ಎಂಬ ಮಾತು 2005ರ ಜುಲೈನ ಅವರ ವರದಿಯಿಂದಲೇ ಬೇರೂರಿತು.

ಹಣದ ಕಡೆ ನೋಡಿ. ಸೆನೆಗಲ್ ಅಧ್ಯಕ್ಷ ಅಬ್ದುಲಾಯೆ ವಾಡ್ ‘ಡಿಜಿಟಲ್ ಐಕ್ಯತಾ ನಿಧಿ’ ಬೇಕೆಂದರು. ಸರ್ಕಾರಗಳು, ನಗರಪಾಲಿಕೆಗಳು ಕಂಪ್ಯೂಟರ್ ಖರೀದಿಸುವಾಗ ಆ ಗುತ್ತಿಗೆಯ ಶೇ. 1ರಷ್ಟನ್ನು ಮಾರುವವರು ನಿಧಿಗೆ ಕೊಡಬೇಕು ಎಂಬ ಯೋಜನೆ. ಒಳ್ಳೆಯ ಯೋಚನೆಯೇ. ಶ್ರೀಮಂತ ದೇಶಗಳು ‘ಸ್ವಾಗತ’ ಎಂದವು, ‘ಕಡ್ಡಾಯ ಬೇಡ’ ಎಂದೂ ಸೇರಿಸಿದವು. 2005ರಲ್ಲಿ ಜಿನೀವಾದಲ್ಲಿ ನಿಧಿ ಶುರುವಾಯಿತು, ಕೆಲವು ನಗರಗಳು ಸೇರಿಕೊಂಡವು, ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಕಡ್ಡಾಯವಲ್ಲದ ಸುಂಕ ಎಂದರೆ ದೇವಸ್ಥಾನದ ಹುಂಡಿ ಇದ್ದ ಹಾಗೆ. ಅದನ್ನು ನಂಬಿ ಯಾರೂ ಸಮುದ್ರದಡಿ ಕೇಬಲ್ ಹಾಕುವುದಿಲ್ಲ.

ಟ್ಯುನಿಸ್‌ನಲ್ಲಿ ಜಗತ್ತಿನ ಕ್ಯಾಮೆರಾಗಳಿಗೆ ಸಿಕ್ಕಿದ್ದು ಬೇರೆಯೇ ದೃಶ್ಯ. 100 ಡಾಲರ್‌ನ ಹಸಿರು ಲ್ಯಾಪ್‌ಟಾಪ್, ಕರೆಂಟ್ ಇಲ್ಲದ ಊರಿಗಾಗಿ ಅದಕ್ಕೊಂದು ತಿರುಗಿಸುವ ಹಿಡಿ. ವಿಶ್ವಸಂಸ್ಥೆಯ ಆಗಿನ ಮಹಾಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅದನ್ನು ತಿರುಗಿಸಲು ಹೋದರು, ಹಿಡಿ ಕಿತ್ತು ಕೈಗೆ ಬಂತು. ಮುಂದೆ ಪೆರು ದೇಶ ಈ ಲ್ಯಾಪ್‌ಟಾಪ್‌ಗಳನ್ನು ಲಕ್ಷಗಟ್ಟಲೆ ಕೊಂಡು ಹಂಚಿತು. 2012ರಲ್ಲಿ ಹೊರಬಂದ ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಅಧ್ಯಯನಕ್ಕೆ ಮಕ್ಕಳ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಬಹಳಷ್ಟು ಶಾಲೆಗಳಲ್ಲಿ ಇಂಟರ್‌ನೆಟ್ಟೇ ಇರಲಿಲ್ಲ. ಶಿಕ್ಷಕಿಯಾದ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ಅಂತರ ಕಡಿಮೆಯಾದದ್ದು ಎಲ್ಲಿ, ಹೇಗೆ? ಈ ಪ್ರಶ್ನೆ ಬಂದಾಗಲೆಲ್ಲ ನಾನು ಕೆನ್ಯಾದ ಕಥೆ ಹೇಳುತ್ತೇನೆ.

2000ದ ಹೊತ್ತಿಗೆ ನೈರೋಬಿಯಲ್ಲಿ ಕೆಲವು ಇಂಟರ್‌ನೆಟ್ ಕಂಪನಿಗಳಿದ್ದವು. ಪೂರ್ವ ಆಫ್ರಿಕಾಕ್ಕೆ ಆಗ ಸಮುದ್ರದ ಕೇಬಲ್ ಇರಲಿಲ್ಲ, ಎಲ್ಲವೂ ಉಪಗ್ರಹದ ಮೂಲಕ. ಒಂದೇ ಬೀದಿಯ ಎರಡು ಕಚೇರಿಗಳು ಬೇರೆ ಬೇರೆ ಕಂಪನಿಯ ಸಂಪರ್ಕ ತೆಗೆದುಕೊಂಡಿದ್ದರೆ, ಒಬ್ಬರು ಇನ್ನೊಬ್ಬರಿಗೆ ಕಳಿಸಿದ ಇಮೇಲ್ 36,000 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಏರಿ, ಅಮೆರಿಕದಲ್ಲೋ ಯುರೋಪಿನಲ್ಲೋ ಇಳಿದು, ಅಲ್ಲಿ ಕೈ ಬದಲಿಸಿ, ಮತ್ತೆ ಉಪಗ್ರಹ ಏರಿ ಅದೇ ಬೀದಿಗೆ ಬರುತ್ತಿತ್ತು. ಹೋಗುವಾಗ ಒಬ್ಬರ ಬಾಡಿಗೆ, ಬರುವಾಗ ಇನ್ನೊಬ್ಬರ ಬಾಡಿಗೆ, ಎರಡೂ ಡಾಲರ್‌ನಲ್ಲಿ. ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ತುಣುಕು, ಹೋಗಿ ಬರಲು 1,200ರಿಂದ 2,000 ಮಿಲಿಸೆಕೆಂಡ್ ಹಿಡಿಯುತ್ತಿತ್ತು.

ಇದಕ್ಕೆ ಪರಿಹಾರ ತಂತ್ರಜ್ಞಾನದ ದೃಷ್ಟಿಯಿಂದ ತೀರಾ ಸರಳ. ಒಂದು ಕೋಣೆ, ಒಳ್ಳೆಯ ಕರೆಂಟ್ ವ್ಯವಸ್ಥೆ, ಜಾಲಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಒಂದು ಯಂತ್ರ. ಪ್ರತಿ ಕಂಪನಿಯೂ ಅಲ್ಲಿಗೊಂದು ತಂತಿ ಎಳೆಯುತ್ತದೆ. ಊರಿನ ಟ್ರಾಫಿಕ್ ಅಲ್ಲೇ ಕೈ ಬದಲಾಗುತ್ತದೆ, ಹೊರಗಿನದು ಮಾತ್ರ ಹೊರಗೆ ಹೋಗುತ್ತದೆ. ಇದನ್ನು ಇಂಟರ್‌ನೆಟ್ ಎಕ್ಸ್‌ಚೇಂಜ್ ಪಾಯಿಂಟ್ ಅನ್ನುತ್ತಾರೆ. ಕೆನ್ಯಾದ ಕಂಪನಿಗಳ ಸಂಘ 2000ದ ಕೊನೆಗೆ ಇಂಥದ್ದೊಂದನ್ನು ತೆರೆಯಿತು. ಎರಡೇ ವಾರ. ಅಂತರರಾಷ್ಟ್ರೀಯ ಸಂಪರ್ಕದ ಏಕಸ್ವಾಮ್ಯ ಹೊಂದಿದ್ದ ಸರ್ಕಾರಿ ಟೆಲ್ಕಾಮ್ ಕೆನ್ಯಾ, ಇದು ತನ್ನ ಹಕ್ಕಿಗೆ ಧಕ್ಕೆ ಎಂದು ದೂರಿತು. ನಿಯಂತ್ರಣ ಆಯೋಗ ಎಕ್ಸ್‌ಚೇಂಜ್ ಅಕ್ರಮ ಎಂದು ಮುಚ್ಚಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ! ಇಲ್ಲಿ ಅಮೆರಿಕವೂ ಇಲ್ಲ, ಐಕ್ಯಾನ್ ಕೂಡ ಇಲ್ಲ. ಅಡ್ಡ ಬಂದದ್ದು ಅವರದೇ ದೇಶದ ಕಂಪನಿ, ಅವರದೇ ಆಯೋಗ.

ಸಂಘದವರು ಬಿಡಲಿಲ್ಲ. ನಾವು ಯಾರ ಕರೆಯನ್ನೂ ಹೊರದೇಶಕ್ಕೆ ಸಾಗಿಸುತ್ತಿಲ್ಲ, ನಮ್ಮ ನಮ್ಮ ತಂತಿಗಳನ್ನು ಒಂದು ಕೋಣೆಯಲ್ಲಿ ಜೋಡಿಸುತ್ತಿದ್ದೇವೆ ಅಷ್ಟೇ ಎಂದು ಆಯೋಗದ ಮುಂದೆ ವಾದಿಸಿದರು. ಸುಮಾರು ಒಂದು ವರ್ಷದ ಓಡಾಟದ ಮೇಲೆ ಲೈಸೆನ್ಸ್ ಸಿಕ್ಕಿತು. 2002ರ ಫೆಬ್ರುವರಿಯಲ್ಲಿ ಐದು ಕಂಪನಿಗಳೊಂದಿಗೆ ಮತ್ತೆ ತೆರೆದಾಗ, ಹೋಗಿ ಬರುವ ಸಮಯ 60ರಿಂದ 80 ಮಿಲಿಸೆಕೆಂಡ್‌ಗೆ ಇಳಿಯಿತು. 2009ರಲ್ಲಿ ಸೀಕಾಮ್, ಟೀಮ್ಸ್ ಎಂಬ ಸಮುದ್ರದ ಕೇಬಲ್‌ಗಳು ಮೊಂಬಾಸಾ ತೀರಕ್ಕೆ ಬಂದವು, ಉಪಗ್ರಹದ ಕಾಲ ಮುಗಿಯಿತು. 2012ರಲ್ಲಿ ಇಂಟರ್‌ನೆಟ್ ಸೊಸೈಟಿ ಮಾಡಿಸಿದ ಅಧ್ಯಯನ, ಈ ಎಕ್ಸ್‌ಚೇಂಜ್‌ನಿಂದ ಕೆನ್ಯಾದ ಕಂಪನಿಗಳಿಗೆ ವರ್ಷಕ್ಕೆ ಸುಮಾರು 15 ಲಕ್ಷ ಡಾಲರ್ ಉಳಿತಾಯ ಎಂದು ಲೆಕ್ಕ ಹಾಕಿತು. ಆಗ ಟ್ರಾಫಿಕ್‌ನ ಶೇ. 30ರಷ್ಟು ದೇಶದೊಳಗೇ ಸಿಗುತ್ತಿತ್ತು. 2020ರ ಹೊತ್ತಿಗೆ ಅದು ಶೇ. 70. ವಿಷಯ ಹತ್ತಿರದಲ್ಲೇ ಸಿಗತೊಡಗಿದ ಮೇಲೆ ಬಿಲ್ಲು ಯಾರು ಕೊಡಬೇಕೆಂಬ ಹಳೆಯ ಜಗಳದ ಬಹುಪಾಲು ತಾನಾಗಿ ಕರಗಿತು. ಡಿ.50ಯಿಂದ ಆಗದೆ ಹೋದದ್ದನ್ನು ಒಂದು ಸ್ವಿಚ್ ಮಾಡಿಬಿಟ್ಟಿತು.

ಬ್ರೆಜಿಲ್ ಇನ್ನೂ ಜಾಣ. ಅಲ್ಲಿ 1995ರಿಂದಲೇ ಸರ್ಕಾರ, ಉದ್ಯಮ, ವಿಶ್ವವಿದ್ಯಾಲಯ, ಜನಸಂಘಟನೆಗಳು ಕೂಡಿದ ಇಂಟರ್‌ನೆಟ್ ಸಮಿತಿ ಇದೆ. ಡಾಟ್ ಬಿಆರ್ ಹೆಸರುಗಳ ನೋಂದಣಿ ಶುಲ್ಕ ಆ ವ್ಯವಸ್ಥೆಗೇ ಹೋಗುತ್ತದೆ. 50 ಲಕ್ಷಕ್ಕೂ ಹೆಚ್ಚು ಹೆಸರುಗಳ ಶುಲ್ಕ ಅದು. ಆ ಹಣದಿಂದ ದೇಶದ ತುಂಬ ಎಕ್ಸ್‌ಚೇಂಜ್‌ಗಳನ್ನು ಕಟ್ಟಿದರು, ಸಾವೊ ಪಾಲೊದ್ದು ಇಂದು ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಹೆಸರಿನ ಪಟ್ಟಿಯ ಜಗಳವನ್ನೂ ತಂತಿಯ ಜಗಳವನ್ನೂ ಒಂದೇ ಗಂಟಿಗೆ ಕಟ್ಟಿದ ದೇಶ ಇದು. ನಮ್ಮಲ್ಲಿ 2003ರಲ್ಲಿ ಬಂದ ರಾಷ್ಟ್ರೀಯ ಇಂಟರ್‌ನೆಟ್ ಎಕ್ಸ್‌ಚೇಂಜ್ ಸಂಸ್ಥೆ ನಿಕ್ಸಿ ಕೂಡ ಡಾಟ್ ಇನ್ ಹೆಸರುಗಳನ್ನೂ ಎಕ್ಸ್‌ಚೇಂಜ್‌ಗಳನ್ನೂ ನೋಡಿಕೊಳ್ಳುತ್ತದೆ. ಆದರೆ ಡೇಟಾ ತರಿಸಿಕೊಂಡವರೇ ಹಣ ಕೊಡಬೇಕು ಎಂಬ ವಿಚಿತ್ರ ನಿಯಮವನ್ನು ಬಹುಕಾಲ ಇಟ್ಟುಕೊಂಡು ಅದು ಕಂಪನಿಗಳನ್ನು ತಾನೇ ದೂರ ಮಾಡಿಕೊಂಡಿತು.

ಹಾಗಾದರೆ ಸಭೆಗಳು ದಂಡವೇ ಎಂದು ಕೇಳುತ್ತೀರಿ. ಟ್ಯುನಿಸ್‌ನಲ್ಲಿ ಕೀಲಿಕೈ ಜಗಳ ಇತ್ಯರ್ಥವಾಗದೆ, ತೀರ್ಮಾನ ಮಾಡುವ ಅಧಿಕಾರವಿಲ್ಲದ, ಮಾತಾಡಲಷ್ಟೇ ಇರುವ ಒಂದು ವೇದಿಕೆ ಹುಟ್ಟಿತು: ಇಂಟರ್‌ನೆಟ್ ಆಡಳಿತ ವೇದಿಕೆ, ಐಜಿಎಫ್. 2006ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಸಭೆ. ಮೂರನೆಯದು ನಮ್ಮ ಪಕ್ಕದ ಹೈದರಾಬಾದಿನಲ್ಲಿ, 2008ರ ಡಿಸೆಂಬರ್ ಮೊದಲ ವಾರ, ಮುಂಬೈ ದಾಳಿ ಮುಗಿದ ಕೆಲವೇ ದಿನಗಳಲ್ಲಿ. ‘ಎಲ್ಲರಿಗೂ ಇಂಟರ್‌ನೆಟ್’ ಅದರ ಘೋಷವಾಕ್ಯ. ಐದು, ಐದು, ಹತ್ತು ವರ್ಷಗಳಂತೆ ಅವಧಿ ಬೆಳೆಸಿಕೊಂಡು ಬಂದ ಇದನ್ನು 2025ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕಾಯಂ ಮಾಡಿತು. ನೀವು ಓದಿದ ಸುದ್ದಿ ಅದೇ. ಇಲ್ಲಿ ಕಾನೂನು ಮಾಡುವುದಿಲ್ಲ, ಹಣ ಹಂಚುವುದಿಲ್ಲ. ಆದರೆ ನೈರೋಬಿಯ ಎಂಜಿನಿಯರ್ ತಮ್ಮ ಅನುಭವವನ್ನು ಇನ್ನೊಂದು ದೇಶದ ನಿಯಂತ್ರಣ ಅಧಿಕಾರಿಯ ಎದುರು ಕೂತು ಹೇಳುವುದು ಇಂಥ ಕಡೆಯೇ. ಎಕ್ಸ್‌ಚೇಂಜ್ ಕಟ್ಟುವುದು ಹೇಗೆ ಎಂಬ ಬಗ್ಗೆ ಐಜಿಎಫ್ ಒಂದು ಪ್ರತ್ಯೇಕ ಕಾರ್ಯಗುಂಪನ್ನೇ ನಡೆಸಿತು. ಮುಖ್ಯ ಸಭಾಂಗಣದ ಭಾಷಣಗಳಿಗಿಂತ ಕಾಫಿ ವಿರಾಮಗಳಲ್ಲಿ ಹೆಚ್ಚು ಕೆಲಸ ಆಗುತ್ತದೆ, ವ್ಯಂಗ್ಯಕ್ಕೆ ಹೇಳುತ್ತಿಲ್ಲ.

ಭಾರತದ ನಿಲುವು ಮಾತ್ರ ಗಾಳಿ ಬಂದ ಕಡೆ ತಿರುಗಿದೆ. 2011ರಲ್ಲಿ ಇಂಟರ್‌ನೆಟ್ ನೀತಿಗೆ ವಿಶ್ವಸಂಸ್ಥೆಯಲ್ಲಿ 50 ದೇಶಗಳ ಸಮಿತಿ ಬೇಕು ಎಂದು ಮಹಾಸಭೆಯಲ್ಲಿ ಪ್ರಸ್ತಾಪ ಇಟ್ಟೆವು. 2015ರಲ್ಲಿ, ಸರ್ಕಾರಗಳಷ್ಟೇ ಸಾಲದು, ಎಲ್ಲರೂ ಸೇರಿ ನಡೆಸುವ ವ್ಯವಸ್ಥೆಯೇ ಸರಿ ಎಂದೆವು.

ದೇಶದೊಳಗೆ ಆದದ್ದು ನೋಡಿ. ವಾಡ್ ಅವರಿಗೆ ಸಿಗದ ಕಡ್ಡಾಯ ಸುಂಕ ನಮ್ಮಲ್ಲಿ 2002ರಿಂದಲೇ ಇದೆ. ಟೆಲಿಕಾಂ ಕಂಪನಿಗಳು ಆದಾಯದ ಶೇ. 5ರಷ್ಟನ್ನು ಗ್ರಾಮೀಣ ಸಂಪರ್ಕದ ನಿಧಿಗೆ ಕಟ್ಟಬೇಕು. ನಿಮ್ಮ ಪಂಚಾಯಿತಿಗೆ ಬಂದಿರುವ ಭಾರತ್‌ನೆಟ್ ಫೈಬರ್ ಅದೇ ಹಣದ್ದು. 2011ರಲ್ಲಿ ಬೇರೆ ಹೆಸರಿನಲ್ಲಿ ಮಂಜೂರಾದ ಆ ಯೋಜನೆ ಎಷ್ಟು ಕುಂಟಿದೆ ಎಂದು ಹಳ್ಳಿಯಲ್ಲಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪಂಚಾಯಿತಿ ಕಟ್ಟಡದವರೆಗೆ ಬಂದ ಫೈಬರ್ ನೂರು ಗಜ ಆಚೆಯ ಶಾಲೆಗೆ ಹೋಗಬೇಕಾದರೆ ಯಾರ ಹಣ, ಕೆಟ್ಟರೆ ಯಾರ ಜವಾಬ್ದಾರಿ ಎಂಬಲ್ಲಿ ಕಡತ ನಿಂತುಬಿಡುತ್ತದೆ. ಇನ್ನೊಂದೆಡೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ, ಒಂದು ಜಿಬಿಗೆ 200 ರೂಪಾಯಿ ದಾಟಿದ್ದ ದರ ಕೆಲವೇ ವರ್ಷಗಳಲ್ಲಿ 10 ರೂಪಾಯಿ ಆಸುಪಾಸಿಗೆ ಬಿತ್ತು.

ಆದರೂ ಕಂದಕ ಮುಚ್ಚಲಿಲ್ಲ, ರೂಪ ಬದಲಿಸಿತು. ಐಟಿಯು ಅಂದಾಜಿನಂತೆ 2025ರಲ್ಲಿ ಸುಮಾರು 600 ಕೋಟಿ ಜನ ಇಂಟರ್‌ನೆಟ್ ಬಳಸುತ್ತಿದ್ದರು, 220 ಕೋಟಿ ಜನ ಹೊರಗಿದ್ದರು. ಈ ಹೊರಗಿನವರಲ್ಲಿ ಹೆಚ್ಚಿನವರು ಮೊಬೈಲ್ ಸಿಗ್ನಲ್ ಇರುವ ಜಾಗದಲ್ಲೇ ಬದುಕುತ್ತಿದ್ದಾರೆ. ಸಿಗ್ನಲ್ಲೇ ಇಲ್ಲದವರು ಜಗತ್ತಿನ ಜನಸಂಖ್ಯೆಯ ಶೇ. 5ರಷ್ಟೂ ಇಲ್ಲ. ಉಳಿದವರಿಗೆ ಹ್ಯಾಂಡ್‌ಸೆಟ್ ಇಲ್ಲ, ಓದು ಬರುವುದಿಲ್ಲ, ತಮ್ಮ ಭಾಷೆಯಲ್ಲಿ ಉಪಯೋಗಕ್ಕೆ ಬರುವಂಥದ್ದು ಇಲ್ಲ, ಇಲ್ಲವೇ ಮನೆಯಲ್ಲಿ ಬಿಡುವುದಿಲ್ಲ. ಕೊನೆಯದನ್ನು ಸಭೆಗಳಲ್ಲಿ ಮೆಲುದನಿಯಲ್ಲಿ ಹೇಳುತ್ತಾರೆ. ನಮ್ಮ ರಾಜ್ಯದ ಲೆಕ್ಕವೇ ಸಾಕು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದವರು ಕರ್ನಾಟಕದ ಗಂಡಸರಲ್ಲಿ ಸುಮಾರು ಶೇ. 62, ಹೆಂಗಸರಲ್ಲಿ ಸುಮಾರು ಶೇ. 35. ಟವರ್ ಒಂದೇ, ದರವೂ ಒಂದೇ. ಅಣ್ಣನ ಕೈಯಲ್ಲಿ ಫೋನ್, ತಂಗಿಗೆ ರಾತ್ರಿ ಅರ್ಧ ಗಂಟೆ ಎಂಬ ಮನೆಗಳನ್ನು ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲೇ ಎಣಿಸಬಹುದು. ಇದಕ್ಕೆ ಯಾವ ಎಕ್ಸ್‌ಚೇಂಜ್ ಸ್ವಿಚ್ಚೂ ಮದ್ದಲ್ಲ. ಹುಡುಗಿಯರು ಧೈರ್ಯವಾಗಿ ಹೋಗಿ ಕೂರಬಹುದಾದ, ಸಂಜೆಯೂ ತೆರೆದಿರುವ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಹೆಚ್ಚು ಕೆಲಸ ಮಾಡೀತು ಎಂಬುದು ನನ್ನ ಅನಿಸಿಕೆ.

ಕೊನೆಯ ಪ್ರಶ್ನೆ, ನಿಮ್ಮ ಮಾತಿಗೆ ಜಾಗ ಇದೆಯೇ ಎಂಬುದು. ಐಜಿಎಫ್‌ಗೆ ಪ್ರವೇಶ ಶುಲ್ಕ ಇಲ್ಲ, ಮನೆಯಿಂದಲೇ ಆನ್‌ಲೈನ್‌ನಲ್ಲಿ ಸೇರಬಹುದು. ಬೆಂಗಳೂರಿನ ಐಟಿ ಫಾರ್ ಚೇಂಜ್, ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿಯಂಥ ಸಂಸ್ಥೆಗಳು ಇಂಥ ವೇದಿಕೆಗಳಲ್ಲಿ ವರ್ಷಗಳಿಂದ ಮಾತಾಡುತ್ತಿವೆ. 2021ರಿಂದ ಭಾರತದ್ದೇ ಐಜಿಎಫ್ ಕೂಡ ಇದೆ. ಆದರೆ ನಿಮಗಿರುವುದು ಸೀಮಿತ ಸಮಯ ಎಂದಾದರೆ ನಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕಡೆ ನೋಡಿ ಎನ್ನುತ್ತೇನೆ. 2015ರಲ್ಲಿ ನೆಟ್ ನ್ಯೂಟ್ರಾಲಿಟಿ, ಅಂದರೆ ಕಂಪನಿಗಳು ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕು ಎಂಬ ತತ್ವದ ಬಗ್ಗೆ ಅದು ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಬಡವರಿಗೆ ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುತ್ತೇವೆ ಎಂದು ಫೇಸ್‌ಬುಕ್ ತಂದ ಫ್ರೀ ಬೇಸಿಕ್ಸ್, 2016ರ ಫೆಬ್ರುವರಿ 8ರ ಟ್ರಾಯ್ ನಿಯಮದಿಂದ ನಿಂತುಹೋಯಿತು. ಡಿಜಿಟಲ್ ಕಂದಕ ಎಂಬ ಪದ ಹಿಡಿದು ಬಂದ ಅತಿ ದೊಡ್ಡ ಕಂಪನಿಯೊಂದರ ಯೋಜನೆಯನ್ನು ಜನರ ಪತ್ರಗಳು ತಿರುಗಿಸಿದ ಪ್ರಸಂಗ ಅದು.

ಟ್ರಾಯ್ ತನ್ನ ಸಮಾಲೋಚನಾ ಪತ್ರಗಳನ್ನು ಜಾಲತಾಣದಲ್ಲಿ ಹಾಕುತ್ತದೆ. ಯಾರು ಬೇಕಾದರೂ ಉತ್ತರಿಸಬಹುದು, ಕೊನೆಯ ದಿನಾಂಕ ಅದರಲ್ಲೇ ಇರುತ್ತದೆ. ಪತ್ರ ನೂರು ಪುಟ ಇದ್ದರೆ ಹೆದರಬೇಡಿ; ಪ್ರಶ್ನೆಗಳನ್ನೆಲ್ಲ ಕೊನೆಗೆ ಒಂದು ಪಟ್ಟಿಯಾಗಿ ಕೊಟ್ಟಿರುತ್ತಾರೆ. ಗ್ರಾಮೀಣ ಸಂಪರ್ಕದ್ದೋ ದರದ್ದೋ ಇದ್ದರೆ ಆ ಒಂದೇ ಪ್ರಶ್ನೆಗೆ ಬರೆಯಿರಿ, ಉಳಿದದ್ದು ಬಿಡಿ. ನಿಮ್ಮ ಶಾಲೆಗೂ ಪಂಚಾಯಿತಿ ಕಚೇರಿಗೂ ಎಷ್ಟು ದೂರ, ಅಲ್ಲಿ ಫೈಬರ್ ಚಾಲೂ ಇದೆಯೇ, ಕಳೆದ ತಿಂಗಳು ಎಷ್ಟು ದಿನ ಸಂಪರ್ಕ ಇರಲಿಲ್ಲ ಎಂದು ಬರೆದರೆ ಸಾಕು.